ಇಸಿಜಿ ನಾರ್ಮಲ್ ಬಂದಿದೆ, ಆದರೂ ಭಾನುವಾರ ಸಂಜೆಯಾದರೆ ಎದೆ ಹೊಡೆದುಕೊಳ್ಳುತ್ತದೆ. ಪ್ರಾಣಾಯಾಮ ಕಲಿಯಲೇ, ಬ್ಯಾಂಕ್ ಕೆಲಸ ಬಿಡಲೇ?

ಸದ್ಯಕ್ಕೆ ಎರಡೂ ಬೇಡ. ಪ್ರಶ್ನೆಯ ಕೊನೆಯಲ್ಲಿ, ಹೇಳಲೋ ಬೇಡವೋ ಎನ್ನುವ ಹಾಗೆ, ‘ಸಹೋದ್ಯೋಗಿ ಕೊಟ್ಟ ಒಂದು ಸಣ್ಣ ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ’ ಎಂದು ಸೇರಿಸಿದ್ದೀರಲ್ಲ, ನನ್ನ ಕಣ್ಣು ನಿಂತದ್ದು ಅಲ್ಲಿ. ನಾನೂ ಕ್ಯಾಷ್ ಕೌಂಟರಿನಲ್ಲಿ ಕುಳಿತವನು. ಆ ಮಾತ್ರೆಯ ಋಣವನ್ನೂ ಬಡ್ಡಿಸಮೇತ ತೀರಿಸಿದವನು.

ನನ್ನದು ತಿಪಟೂರು ಕಡೆಯ ಒಂದು ಶಾಖೆ. ಕೊಬ್ಬರಿ ವ್ಯಾಪಾರದ ಊರು ಎಂದರೆ ನಗದಿನ ಊರು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ನೀವು ಆಮೇಲೆ ಕೆಲಸಕ್ಕೆ ಸೇರಿದವರಂತೆ, ಆದ್ದರಿಂದ ಹೇಳುತ್ತೇನೆ. ಹಳೆಯ ನೋಟು ಬದಲಿಸಿಕೊಡುವ ಮಿತಿ ಮೊದಲು 4,000 ರೂಪಾಯಿ, ಆಮೇಲೆ 4,500, ಮತ್ತೆ ಕೆಲವೇ ದಿನಗಳಲ್ಲಿ 2,000. ನಡುವೆ ಬೆರಳಿಗೆ ಶಾಯಿ ಹಚ್ಚಬೇಕೆಂಬ ಆದೇಶ. 24ರ ಹೊತ್ತಿಗೆ ಬದಲಾವಣೆಯೇ ಬಂದ್. ನಿಯಮ ಬದಲಾದದ್ದನ್ನು ಸರತಿಯಲ್ಲಿ ನಿಂತವರಿಗೆ ತಿಳಿಸಿ ಬೈಸಿಕೊಳ್ಳುವ ಭಾಗ್ಯ ಮಾತ್ರ ಪ್ರತಿ ಸಲವೂ ಕೌಂಟರಿನವನದು. ಗಾಜಿನ ಆಚೆ ಮಗಳ ಲಗ್ನಪತ್ರಿಕೆ ಹಿಡಿದು ನಿಂತ ಅಪ್ಪ. ಈಚೆ ನಾನು, ಸ್ಪಂಜಿನ ನೀರಿನಲ್ಲಿ ನೆನೆದು ನೆನೆದು ಬೆರಳ ತುದಿ ಬಿಳಿಚಿಕೊಂಡು.

ಸರತಿ ಕರಗಿತು, ಹೊಸ ನೋಟು ಬಂತು, ಊರು ಮರೆಯಿತು. ನನ್ನ ದೇಹ ಮಾತ್ರ ಮರೆಯಲಿಲ್ಲ. ಅಪಾಯ ಕಂಡಾಗ ಮೂತ್ರಪಿಂಡದ ಮೇಲೆ ಕುಳಿತ ಪುಟ್ಟ ಗ್ರಂಥಿಗಳು ಅಡ್ರಿನಾಲಿನ್ ಸುರಿಸುತ್ತವೆ, ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹಾವು ಅಡ್ಡ ಬಂದಾಗ ಇದು ಬೇಕೇ ಬೇಕು. ಆದರೆ ಸಂಜೆ ನಗದು ತಾಳೆ ನೋಡುವಾಗ ವ್ಯವಸ್ಥಾಪಕರು ‘ಈ ತಿಂಗಳ ವಿಮೆ ಟಾರ್ಗೆಟ್ ಏನಾಯಿತು?’ ಎಂದು ಕೇಳಿದಾಗಲೂ ಅದೇ ಸುರಿಮಳೆ. ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಬೆಳಿಗ್ಗೆ ಏರಿ ನಡುರಾತ್ರಿಯ ಹೊತ್ತಿಗೆ ತಗ್ಗಬೇಕು. ಒತ್ತಡ ಹಳೆಯದಾದಂತೆ ಆ ಏರಿಳಿತವೂ ಹಳಿ ತಪ್ಪಬಹುದು ಎಂದು ನನಗೆ ವಿವರಿಸಿದ್ದು ಬಹಳ ತಡವಾಗಿ ಸಿಕ್ಕ ವೈದ್ಯರು. ಅದಕ್ಕೆ ಮುಂಚೆ ಹೊಟ್ಟೆಯುರಿಗೆ ಗ್ಯಾಸ್ಟ್ರಿಕ್ ಮಾತ್ರೆ, ಕತ್ತುನೋವಿಗೆ ಮುಲಾಮು, ತಲೆನೋವಿಗೆ ಹೊಸ ಕನ್ನಡಕ. ಎದೆಗೆ ನಿಮ್ಮದೇ ಇಸಿಜಿ. ‘ಏನೂ ಇಲ್ಲ, ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ಕಳಿಸಿದವರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಮಾಡಿಕೊಳ್ಳದೇ ಇರುವುದು ಗೊತ್ತಿದ್ದರೆ ಅಲ್ಲಿಗೆ ಏಕೆ ಹೋಗುತ್ತಿದ್ದೆ?

ಒಬ್ಬ ವೈದ್ಯರು ಆಲ್ಪ್ರಜೋಲಮ್ ಎಂಬ, ಆತಂಕ ತಗ್ಗಿಸಿ ನಿದ್ದೆ ತರಿಸುವ ಮಾತ್ರೆ ಬರೆದುಕೊಟ್ಟರು, ಕೆಲವೇ ದಿನಗಳ ಮಟ್ಟಿಗೆ. ಅವರ ತಪ್ಪಲ್ಲ. ಮೊದಲ ರಾತ್ರಿ ಕೊರಡಿನಂತೆ ಮಲಗಿದೆ. ಚೀಟಿಯ ಅವಧಿ ಮುಗಿದ ಮೇಲೂ ಅದೇ ಮಾಸಲು ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗುತ್ತಿದ್ದೆ. ಕೆಲ ದಿನಗಳಲ್ಲಿ ಚೀಟಿಯೂ ಬೇಕಾಗಲಿಲ್ಲ. ಅಂಗಡಿಯವರು ನಮ್ಮ ಗ್ರಾಹಕರೇ. ನನ್ನನ್ನು ಕಂಡೊಡನೆ ‘ಮಾಮೂಲೇ ತಾನೇ ಸರ್?’ ಎಂದು ಸ್ಟ್ರಿಪ್ಪನ್ನು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಇದು ಶೆಡ್ಯೂಲ್ ಎಚ್1ರ ಔಷಧ, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿರುವುದು. 2014ರಿಂದ ಇಂಥವನ್ನು ಮಾರುವವರು ವೈದ್ಯರ ಹೆಸರು, ರೋಗಿಯ ಹೆಸರು ಬರೆದ ಪ್ರತ್ಯೇಕ ದಾಖಲೆ ಪುಸ್ತಕ ಇಡಬೇಕು. ಸಹಿ ಹೊಂದದಿದ್ದರೆ ಚೆಕ್ ವಾಪಸು ಕಳಿಸುತ್ತಿದ್ದ ನಾನು ಆ ಪುಸ್ತಕ ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಅರ್ಧ ಮಾತ್ರೆ ಒಂದಾಯಿತು, ಒಂದು ಸಾಲದಾಯಿತು.

ಈಗ ನನಗೆ ದುಬಾರಿಯಾದ ತಪ್ಪಿಗೆ ಬರುತ್ತೇನೆ. ಮಾತ್ರೆ ಶುರು ಮಾಡಿದ್ದೇ ತಪ್ಪು ಎಂದು ನೀವು ಅಂದುಕೊಳ್ಳುತ್ತೀರಿ. ಅಲ್ಲ. ಅತಿಯಾಗಿ ನುಂಗಿದ್ದೂ ಎರಡನೆಯ ಮಾತು. ನನ್ನನ್ನು ಕೆಡವಿದ್ದು ಅದನ್ನು ಬಿಟ್ಟ ರೀತಿ. ಆ ವರ್ಷ ಶಬರಿಮಲೆಗೆ ಮಾಲೆ ಹಾಕಿದೆ. ಎಲ್ಲ ಚಟ ಬಿಡುವ ಕಾಲ, ಇದನ್ನೂ ಬಿಟ್ಟುಬಿಡೋಣ ಎಂದು ಉಳಿದ ಸ್ಟ್ರಿಪ್ಪನ್ನು ಅದೇ ದಿನ ಎಸೆದೆ. ಮನೆಯಲ್ಲಿ ಎಲ್ಲರಿಗೂ ಮೆಚ್ಚುಗೆ, ನನಗೂ ಹೆಮ್ಮೆ. ಆದರೆ ಇದು ಬೀಡಿ ಸಿಗರೇಟಿನ ಹಾಗಲ್ಲ. ಮಿದುಳನ್ನು ತಣಿಸುವ ಗಾಬಾ ಎಂಬ ರಾಸಾಯನಿಕದ ಕೆಲಸವನ್ನು ಈ ಮಾತ್ರೆ ಹೆಚ್ಚಿಸುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಮಿದುಳು ಅದಕ್ಕೆ ಹೊಂದಿಕೊಂಡು ತನ್ನ ಸ್ವಂತ ಬ್ರೇಕನ್ನು ಸಡಿಲಿಸಿಕೊಳ್ಳುತ್ತದೆ. ಆಗ ಒಮ್ಮೆಲೇ ನಿಲ್ಲಿಸಿದರೆ ಹಳೆಯ ಆತಂಕವೇ ಇಮ್ಮಡಿಯಾಗಿ ಮರಳುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಇದೊಂದೂ ನನಗೆ ಗೊತ್ತಿರಲಿಲ್ಲ. ಕೈ ನಡುಗಿತು, ಬೆವರು ಇಳಿಯಿತು, ಸದ್ದು ಕೇಳಿದರೆ ಬೆಚ್ಚುತ್ತಿದ್ದೆ. ಅದು ಮಾತ್ರೆ ಬಿಟ್ಟದ್ದರ ಫಲ ಎಂದು ಹೊಳೆಯದೆ, ‘ನೋಡು, ನನ್ನ ರೋಗ ಎಷ್ಟು ದೊಡ್ಡದು’ ಎಂದುಕೊಂಡೆ. ವ್ರತದಲ್ಲಿದ್ದೂ ಹೀಗಾಯಿತಲ್ಲ ಎಂಬ ಪಾಪಪ್ರಜ್ಞೆ ಬೇರೆ.

ಆ ವಾರವೇ ಯಾರಿಗೋ ನೂರರ ಕಟ್ಟು ಕೊಡುವ ಬದಲು ಐನೂರರ ಕಟ್ಟು ಕೊಟ್ಟೆ. ಸಂಜೆ ತಾಳೆಯಲ್ಲಿ 40,000 ರೂಪಾಯಿ ಕಡಿಮೆ. ಕ್ಯಾಮೆರಾದಲ್ಲಿ ಕಟ್ಟು ಕಾಣುತ್ತಿತ್ತು, ನೋಟಿನ ಬಣ್ಣ ಕಾಣುತ್ತಿರಲಿಲ್ಲ. ನನ್ನ ಜೇಬಿನಿಂದ ಕಟ್ಟಿದೆ. ನಿಜ ಹೇಳಬೇಕೆಂದರೆ ಆ ನಲವತ್ತು ಸಾವಿರ ಇಲ್ಲದಿದ್ದರೆ ನಾನು ಮನೋವೈದ್ಯರ ಮೆಟ್ಟಿಲು ಹತ್ತುತ್ತಿರಲಿಲ್ಲ. ನಮ್ಮ ಮಾವನವರು ಜೊತೆಗೆ ಬಂದರು, ಆದರೆ ಪರಿಚಯದವರು ನೋಡಿಯಾರೆಂದು ಹೊರಗೇ ನಿಂತರು.

ವೈದ್ಯರು ಬೈಯಲಿಲ್ಲ. ಮಾತ್ರೆಯನ್ನು ಮತ್ತೆ ಆರಂಭಿಸಿದರು, ಅದೇ ಗುಂಪಿನ, ದೇಹದಿಂದ ನಿಧಾನಕ್ಕೆ ಇಳಿಯುವ ಇನ್ನೊಂದನ್ನು, ತಿಂಗಳುಗಳ ಮೇಲೆ ಚೂರುಚೂರೇ ತಗ್ಗಿಸುತ್ತ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಅದು ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ನೀವೂ ಮಾಡಿಸಿ. ನಿದ್ದೆ ಎಷ್ಟು ಹೊತ್ತಿಗೇ ಬರಲಿ, ಏಳುವ ಹೊತ್ತು ಬದಲಾಗಬಾರದು ಎಂದರು. ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಬಾರದು, ಎದ್ದು ಹೋಗಿ ಕೂರಬೇಕು. ಸಂಜೆ ತಾಳೆಯ ಹೊತ್ತಿನ ಕಾಫಿ ನಿಂತಿತು, ಅದಕ್ಕೆ ಮಾತ್ರ ನಾನು ನಿಜವಾಗಿ ಅತ್ತಿದ್ದೇನೆ.

ಪ್ರಾಣಾಯಾಮವನ್ನು ಹಳಿಯುತ್ತಿಲ್ಲ. ಉಸಿರನ್ನು ನಿಧಾನವಾಗಿ ಬಿಟ್ಟರೆ ಎದೆಬಡಿತ ಇಳಿಯುವುದು ನಿಜ, ನಾನೂ ಮಾಡುತ್ತೇನೆ. ಆದರೆ ‘ಪ್ರಾಣಾಯಾಮ ಮಾಡು, ಎಲ್ಲ ಸರಿಹೋಗುತ್ತದೆ’ ಎನ್ನುವವರು ಶಾಖೆಯಲ್ಲಿ ಇಬ್ಬರ ಕೆಲಸವನ್ನು ಒಬ್ಬರು ಮಾಡುತ್ತಿರುವುದನ್ನು ನಿಮ್ಮ ಶ್ವಾಸಕೋಶದ ದೋಷವಾಗಿ ಮಾಡಿಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ತನ್ನ ರೋಗಗಳ ವರ್ಗೀಕರಣದಲ್ಲಿ ಕೆಲಸದ ಒತ್ತಡ ಹಳೆಯದಾಗಿ ಬರುವ ಬಳಲಿಕೆಯನ್ನು, ಅಂದರೆ ಬರ್ನ್‌ಔಟನ್ನು, ಕಾಯಿಲೆ ಎಂದಲ್ಲ, ಉದ್ಯೋಗಕ್ಕೆ ಅಂಟಿದ ವಿದ್ಯಮಾನ ಎಂದು ಗುರುತಿಸಿದೆ. ಹಾಗೆಂದು ರಾಜೀನಾಮೆ ಬರೆಯುವುದೂ ಅವಸರವೇ. ಕೆಲಸ ಪೂರ್ತಿ ಕೆಟ್ಟದ್ದೋ, ಅದರ ಯಾವ ತುಂಡು ಕಚ್ಚುತ್ತಿದೆಯೋ ನೋಡಿ. ನನಗೆ ಕಚ್ಚುತ್ತಿದ್ದುದು ಗ್ರಾಹಕರಲ್ಲ, ಸಂಜೆಯ ತಾಳೆ. ನಗದು ಬಿಡಿಸಿ ಸಾಲದ ಕಾಗದಪತ್ರಗಳ ಮೇಜಿಗೆ ಹಾಕಿ ಎಂದು ಲಿಖಿತವಾಗಿ ಕೇಳಿದೆ. ಕೊಡುವುದಿಲ್ಲ ಎಂದು ವರ್ಷಗಟ್ಟಲೆ ನಾನೇ ತೀರ್ಮಾನಿಸಿಕೊಂಡಿದ್ದೆ, ಕೊಟ್ಟರು.

ನೀವು ಈ ವಾರ ಮಾಡಬೇಕಾದದ್ದು ಇಷ್ಟು. ಆ ಮಾತ್ರೆಯ ಸ್ಟ್ರಿಪ್ ಹಿಡಿದುಕೊಂಡು ಮನೋವೈದ್ಯರಲ್ಲಿಗೆ ಹೋಗಿ, ಎಷ್ಟು ದಿನದಿಂದ, ಎಷ್ಟು ನುಂಗುತ್ತಿದ್ದೀರಿ ಎಂದು ಸುಳ್ಳಿಲ್ಲದೆ ಹೇಳಿ. ನನ್ನ ಉತ್ತರ ಓದಿ ಹೆದರಿ ಇವತ್ತೇ ನಿಲ್ಲಿಸಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಅವರು ಬರುವ ‘ಮನೋಚೈತನ್ಯ’ ಎಂಬ ಸರ್ಕಾರಿ ಕಾರ್ಯಕ್ರಮವೂ ಇದೆ, ನಿಮ್ಮಲ್ಲಿ ವಿಚಾರಿಸಿ. ಎದುರಾಎದುರು ಹೇಳಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಕೆಲಸ ಬಿಡಬೇಕೇ ಎಂಬ ಪ್ರಶ್ನೆಯನ್ನು ಒಂದೆರಡು ತಿಂಗಳು ಸರಿಯಾಗಿ ನಿದ್ದೆ ಮಾಡಿದ ಮೇಲೆ ಮತ್ತೆ ಕೇಳಿ, ಆಗ ಅದಕ್ಕೂ ಉತ್ತರ ಬರೆಯುತ್ತೇನೆ.