ಎಲೆಕ್ಟ್ರಿಕ್ ಗಿಟಾರ್ ಕಸ್ಟಮ್ ಆರ್ಡರ್ ಮಾಡುವಾಗ ಯಾವ ಆಯ್ಕೆಗಳಿಗೆ ಹೆಚ್ಚು ಗಮನ ಕೊಡಬೇಕು?

ಮೊದಲು ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಭಾಗದ ಬಗ್ಗೆ ಯೋಚಿಸಿ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಅನ್ನು ನಾಳೆ ಬದಲಾಯಿಸಬಹುದು, ಸ್ಕೇಲ್ ಉದ್ದವನ್ನು, ಅಂದರೆ ತಂತಿ ಕಂಪಿಸುವ ಉದ್ದವನ್ನು, ಬದಲಾಯಿಸೋಕೆ ಆಗೋದಿಲ್ಲ. ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನದು 25.5 ಇಂಚು, ಗಿಬ್ಸನ್ ಲೆಸ್ ಪಾಲ್‌ನದು ಸುಮಾರು 24.75. ಒಂದೇ ತಂತಿ, ಒಂದೇ ಶ್ರುತಿ ಇದ್ದರೂ ಉದ್ದ ಸ್ಕೇಲ್‌ನಲ್ಲಿ ಬಿಗಿ ಜಾಸ್ತಿ. ಸ್ವರ ಏರಿಸಲು ತಂತಿಯನ್ನು ಪಕ್ಕಕ್ಕೆ ಎಳೆದು ಬೆಂಡ್ ಮಾಡುವವರಿಗೆ ಚಿಕ್ಕ ಸ್ಕೇಲ್ ಹಗುರ. ಶ್ರುತಿ ಇಳಿಸಿ ಮೆಟಲ್ ನುಡಿಸುವವರಿಗೆ ಉದ್ದದ್ದೇ ಸರಿ.

ಫ್ರೆಟ್‌ಬೋರ್ಡ್‌ನ (ನೆಕ್ ಮೇಲೆ ಬೆರಳು ಒತ್ತುವ ಹಲಗೆಯ) ಬಾಗು, ಅಂದರೆ ರೇಡಿಯಸ್, ಕೂಡ ನೋಡಿ. 7.25 ಇಂಚಿನ ಹಳೆಯ ಅಳತೆ ಕಾರ್ಡ್‌ಗೆ (ಹಲವು ಸ್ವರ ಒಟ್ಟಿಗೆ ನುಡಿಸಲು) ಹಿತ. ಆದರೆ ತಂತಿ ತೀರಾ ಕೆಳಗಿದ್ದರೆ ಬೆಂಡ್ ಮಾಡಿದಾಗ ಸ್ವರ ಸತ್ತುಹೋಗುತ್ತದೆ. 12 ಇಂಚಾದರೆ ಎರಡಕ್ಕೂ ಒಗ್ಗುತ್ತದೆ.

ನನ್ನ ಮಾತು ಕೇಳಿದರೆ, ಸ್ಟೇನ್‌ಲೆಸ್ ಸ್ಟೀಲ್ ಫ್ರೆಟ್‌ಗೆ (ಫ್ರೆಟ್‌ಬೋರ್ಡ್ ಮೇಲಿನ ಅಡ್ಡ ಲೋಹದ ಪಟ್ಟಿಗೆ) ದುಡ್ಡು ಹಾಕಿ. ಅವು ಬೇಗ ಸವೆಯುವುದಿಲ್ಲ. ಫ್ರೆಟ್‌ಬೋರ್ಡ್‌ಗೆ ರೋಸ್‌ವುಡ್ ಆರಿಸಿದರೆ ಸಿಗುವುದು ಹೆಚ್ಚಾಗಿ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆಯ ಜಾತಿಯೇ.

ಟ್ರೆಮೊಲೊ, ಅಂದರೆ ಸ್ವರ ಏರಿಳಿಸುವ ಹಿಡಿ, ಬಳಸೋದೇ ಇಲ್ವಾ? ಹಾಗಾದರೆ ಫ್ಲಾಯ್ಡ್ ರೋಸ್ (ತಂತಿ ಲಾಕ್ ಮಾಡುವ ಟ್ರೆಮೊಲೊ ಬ್ರಿಡ್ಜ್) ಬೇಡ, ಅಲುಗಾಡದ ಫಿಕ್ಸೆಡ್ ಬ್ರಿಡ್ಜ್ ಸಾಕು. ಫ್ಲಾಯ್ಡ್ ರೋಸ್ ಹಾಕಿಸಿದರೆ ಸುಮ್ನೆ ಶ್ರುತಿ ಬದಲಿಸುವ ಕೆಲಸ ಕಷ್ಟವಾಗುತ್ತದೆ. ಎರಡು ಕಾಯಿಲ್‌ಗಳ ಪಿಕಪ್ ಆದ ಹಂಬಕರ್ ಆರಿಸಿದರೆ, ಒಂದು ಕಾಯಿಲ್ ಆಫ್ ಮಾಡುವ ಕಾಯಿಲ್ ಸ್ಪ್ಲಿಟ್ ಸ್ವಿಚ್ ಕೇಳಿ, ಸಿಂಗಲ್ ಕಾಯಿಲ್‌ಗೆ ಹತ್ತಿರದ ದನಿಯೂ ಸಿಗುತ್ತದೆ. ಬಣ್ಣ ಕೊನೆಗೆ. ಎಲ್ಲ ಅಳತೆಗಳನ್ನೂ ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.