ವಿಯೆನ್ನಾದ ಪ್ರಾಟರ್ ಪಾರ್ಕಿನ ಪುಟ್ಟ ಉಗಿ ರೈಲಿನ ಇತಿಹಾಸವೇನು? ಈಗಲೂ ಉಗಿಯಲ್ಲೇ ಓಡುತ್ತದೆಯೇ?

ಅದರ ಹೆಸರು ಲಿಲಿಪುಟ್‌ಬಾನ್. 1928ರ ಮೇ 1ರಂದು ಶುರುವಾಯಿತು. 1933ರಲ್ಲಿ ಹಳಿಯನ್ನು ಸ್ಟೇಡಿಯಂವರೆಗೆ ವಿಸ್ತರಿಸಿದರು. ಈಗಿನ ಉದ್ದ ಸುಮಾರು 4 ಕಿ.ಮೀ.

ಹಳಿಗಳ ಅಂತರ 381 ಮಿ.ಮೀ., ಅಂದರೆ 15 ಇಂಚು. ಜನರನ್ನು ಸುರಕ್ಷಿತವಾಗಿ ಸಾಗಿಸಲು ಇದಕ್ಕಿಂತ ಕಿರಿದು ಸಾಲದೆಂದು ಇಂಗ್ಲೆಂಡಿನ ಆರ್ಥರ್ ಹೇವುಡ್ 1870ರ ದಶಕದಲ್ಲೇ ತನ್ನ ಎಸ್ಟೇಟಿನಲ್ಲಿ ಹಳಿ ಹಾಕಿ, ಓಡಿಸಿ ನೋಡಿ ತೀರ್ಮಾನಿಸಿದ್ದ. ಮುಂದೆ ಯುರೋಪಿನ ಹಲವು ಪಾರ್ಕುಗಳು ಇದೇ ಅಳತೆ ಹಿಡಿದವು.

ಡಿಎ1, ಡಿಎ2 ಎಂಬ ಉಗಿ ಎಂಜಿನ್‌ಗಳನ್ನು ಕಟ್ಟಿದ್ದು ಕ್ರೌಸ್ ಕಂಪನಿ. ದೊಡ್ಡ ಪೆಸಿಫಿಕ್ ಎಂಜಿನ್‌ನ (4-6-2 ಗಾಲಿ ಜೋಡಣೆ, ಅಂದರೆ ಮುಂದೆ 4, ನಡುವೆ 6, ಹಿಂದೆ 2 ಗಾಲಿ) ಸುಮಾರು ಮೂರನೇ ಒಂದರಷ್ಟು ಗಾತ್ರ. ಓಡಿಸುವವರಿಗೆ ನಿಜವಾದ ಕಷ್ಟ ಇಲ್ಲೇ ಇದೆ. ಅಳತೆ ಮೂರನೇ ಒಂದಾದರೆ ಬಾಯ್ಲರಿನಲ್ಲಿ ಕಾಯುವ ಮೇಲ್ಮೈ 9ನೇ ಒಂದಾಗುತ್ತದೆ, ನೀರು ಮಾತ್ರ 27ನೇ ಒಂದಕ್ಕೆ ಇಳಿಯುತ್ತದೆ. ಉಗಿ ಬೇಗ ಏಳುತ್ತದೆ, ನೀರೂ ಅಷ್ಟೇ ಬೇಗ ತಗ್ಗುತ್ತದೆ. ಮಟ್ಟ ತೋರಿಸುವ ಗಾಜಿನ ಕೊಳವೆಯಿಂದ ಕಣ್ಣು ಕೀಳುವಂತಿಲ್ಲ: ಬೆಂಕಿಗೂಡಿನ ಮೇಲ್ಛಾವಣಿ ನೀರಿಲ್ಲದೆ ಕಾದರೆ ಲೋಹ ಮೆತ್ತಗಾಗಿ ಕುಸಿಯುತ್ತದೆ. ಹೊಗೆ ಕೊಳವೆಗಳನ್ನೂ ಅದೇ ಪ್ರಮಾಣದಲ್ಲಿ ಕಿರಿದು ಮಾಡಲಾಗದು, ಬೂದಿ ಕಟ್ಟಿಕೊಳ್ಳುತ್ತದೆ.

ತಣ್ಣಗಿರುವ ಬಾಯ್ಲರನ್ನು ಆತುರದಲ್ಲಿ ಕಾಯಿಸಿದರೆ ಜೋಡಣೆಗಳು ಸೋರುತ್ತವೆ. ನಿಧಾನವಾಗಿ ಕಾಯಿಸಲು ಹೊತ್ತು ಹಿಡಿಯುತ್ತದೆ, ಹಾಗಾಗಿ ದಿನನಿತ್ಯದ ಓಟ ಹೆಚ್ಚಾಗಿ ಡೀಸೆಲ್ ಎಂಜಿನ್‌ಗಳದು. ಉಗಿ ಎಂಜಿನ್ ನೋಡಬೇಕಿದ್ದರೆ ವಾರಾಂತ್ಯ ಅಥವಾ ರಜಾದಿನ ಆರಿಸಿ, ವೇಳಾಪಟ್ಟಿ ನೋಡಿಕೊಂಡು ಹೋಗಿ.