ಓದುಗರ ಪ್ರಶ್ನೆ: ಅಣ್ಣನ ಕುಡಿತ ಬಿಡಿಸಲು ಎಲ್ಲಿಗೆ ಕರೆದೊಯ್ಯಬೇಕು?

ಪ್ರಶ್ನೆ: ನನ್ನ ಅಣ್ಣನಿಗೆ 41 ವರ್ಷ. ಮೋಟಾರ್ ರಿವೈಂಡಿಂಗ್ ಕೆಲಸದಲ್ಲಿ ಒಳ್ಳೆಯ ಹೆಸರು ಮಾಡಿದ್ದವನು. ಹತ್ತು ವರ್ಷಗಳಿಂದ ಕುಡಿಯುತ್ತಿದ್ದಾನೆ. ಈಗ ಬೆಳಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಆಗದಿದ್ದರೆ ಕೈ ನಡುಗಿ ಸ್ಪ್ಯಾನರ್ ಹಿಡಿಯಲಾಗುವುದಿಲ್ಲ. ಕಳೆದ ಯುಗಾದಿಗೆ ತಾಯಿಯ ಮೇಲೆ ಆಣೆಯಿಟ್ಟು ನಿಲ್ಲಿಸಿದ್ದ. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿ, ಅಲ್ಲಿ ಇಲ್ಲದವರೊಡನೆ ಮಾತನಾಡತೊಡಗಿದ. ಗಾಳಿ ಸೋಕಿದೆಯೆಂದು ದೇವಸ್ಥಾನಕ್ಕೆ ಕರೆದೊಯ್ದೆವು. ಮತ್ತೆ ಕುಡಿದ ಮೇಲೆ ಸರಿಹೋದ. ಹೊಡೆತ ತಾಳಲಾರದೆ ಅತ್ತಿಗೆ ಮಗಳೊಂದಿಗೆ ತವರಿಗೆ ಹೋಗಿದ್ದಾರೆ. ಖಾಸಗಿ ಕೇಂದ್ರವೊಂದು, ಮುಂಗಡ ಕಟ್ಟಿದರೆ ರಾತ್ರಿ ತಾವೇ ವಾಹನ ತಂದು ಎತ್ತಿಕೊಂಡು ಹೋಗಿ ಆರು ತಿಂಗಳು ಇಟ್ಟುಕೊಳ್ಳುವುದಾಗಿ ಹೇಳುತ್ತಿದೆ. ಊಟದಲ್ಲಿ ಬೆರೆಸುವ ಪುಡಿಯನ್ನೂ ಒಬ್ಬರು ಕೊಟ್ಟಿದ್ದಾರೆ. ಏನು ಮಾಡಬೇಕು? ಅತ್ತಿಗೆಯನ್ನು ಮರಳಿ ಕರೆತಂದರೆ ಬಿಟ್ಟಾನೆಯೇ?
– ಓದುಗಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೇಂದ್ರದವರ ಮಾತಲ್ಲ, ಯುಗಾದಿಯ ಆ ಮೂರನೆಯ ರಾತ್ರಿ. ಅದು ಗಾಳಿಯೂ ಅಲ್ಲ, ಆಣೆ ಮುರಿಯಲು ಹೂಡಿದ ನಾಟಕವೂ ಅಲ್ಲ. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿಹೋದ ಮಿದುಳು, ಅದು ಹಠಾತ್ತನೆ ನಿಂತಾಗ ಹತೋಟಿ ತಪ್ಪಿ ಉದ್ರೇಕಗೊಳ್ಳುತ್ತದೆ: ಕೊನೆಯ ಕುಡಿತದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತವೆ, ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವ, ಹಗಲು ರಾತ್ರಿ ತಿಳಿಯದ ಸನ್ನಿ ಹಿಡಿಯಬಹುದು. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಇದು ಪ್ರಾಣವನ್ನೂ ತೆಗೆಯಬಹುದು, ಮತ್ತು ಒಮ್ಮೆ ಬಂದವರಿಗೆ ಮುಂದಿನ ಸಲ ಬಿಟ್ಟಾಗ ಮರುಕಳಿಸುವ ಸಂಭವ ಹೆಚ್ಚು. ಆದ್ದರಿಂದ, ತಂಗಿಯಾದ ನಿಮಗೆ ಇದು ವಿಚಿತ್ರವಾಗಿ ಕೇಳಿಸಿದರೂ ಹೇಳಲೇಬೇಕು: ಆಸ್ಪತ್ರೆಯ ವ್ಯವಸ್ಥೆಯಾಗುವವರೆಗೆ ಮನೆಯಲ್ಲಿ ಕೂಡಿಹಾಕಿಯಾಗಲಿ, ಆಣೆ ಹಾಕಿಸಿಯಾಗಲಿ ಅವರ ಕುಡಿತವನ್ನು ಒಮ್ಮೆಲೇ ನಿಲ್ಲಿಸಬೇಡಿ.

ಇದೇ ಕಾರಣಕ್ಕೆ ರಾತ್ರಿಯ ಆ ವಾಹನ ಬೇಡ. ವೈದ್ಯರಿಲ್ಲದ ಕಟ್ಟಡದಲ್ಲಿ ಮೊದಲ ನಾಲ್ಕು ದಿನ ಬೀಗ ಹಾಕಿ ಇಡುವುದೇ ನಿಮ್ಮ ಅಣ್ಣನ ಮಟ್ಟಿಗೆ ಅತ್ಯಂತ ಅಪಾಯದ ಸಂಗತಿ. ಕಾನೂನೂ ಅದಕ್ಕೆ ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರ ಪ್ರಕಾರ ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆಗೆ ನೋಂದಣಿ ಇರಬೇಕು, ಯಾರನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ರೋಗಿ ಒಪ್ಪದಿದ್ದಾಗ ದಾಖಲಿಸಲು ದಾರಿಯೇ ಇಲ್ಲವೆಂದಲ್ಲ. ತನಗೋ ಇತರರಿಗೋ ಹಾನಿ ಮಾಡುವ ಸ್ಥಿತಿಯಲ್ಲಿದ್ದಾಗ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದಂತಾಗಿದ್ದಾಗ, ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯೇ ಹೆಸರಿಸಿದವರು, ಇಲ್ಲದಿದ್ದರೆ ಸಾಮಾನ್ಯವಾಗಿ ಮನೆಯವರು) ಅರ್ಜಿಯ ಮೇಲೆ, ಒಬ್ಬ ಮನೋವೈದ್ಯರೂ ಸೇರಿದಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಿದರೆ, ಕಾಯ್ದೆಯ 89ನೇ ಕಲಮಿನಡಿ ಮೊದಲಿಗೆ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು. ಈ ನಿರ್ಧಾರ ಆಸ್ಪತ್ರೆಯಲ್ಲಿ ಆಗಬೇಕೇ ಹೊರತು ಮುಂಗಡದ ರಸೀದಿಯ ಮೇಲಲ್ಲ. ಮುಂದೆ ಯಾವುದೇ ಕೇಂದ್ರಕ್ಕೆ ಹೋದರೂ ನೋಂದಣಿ ಪತ್ರ ತೋರಿಸಲು ಕೇಳಿ; ಮನೋವೈದ್ಯರು ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ಮನೆಯವರು ಭೇಟಿ ಮಾಡಬಹುದೇ ಎಂದು ವಿಚಾರಿಸಿ. ಭೇಟಿಗೆ ಬಿಡುವುದಿಲ್ಲ ಎನ್ನುವವರ ಬಳಿ ಬಿಡಬೇಡಿ.

ಪುಡಿಯನ್ನು ಚೆಲ್ಲಿಬಿಡಿ. ಅದರಲ್ಲಿ ಏನಿದೆಯೆಂದು ಕೊಟ್ಟವರಿಗೂ ಗೊತ್ತಿರಲಾರದು. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಂ ಎಂಬ ಔಷಧ ಇದ್ದರಂತೂ, ಅದರ ಮೇಲೆ ಕುಡಿದವರಿಗೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೇ ಕುತ್ತು ಬರಬಹುದು. ಅದು ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡುವ ಔಷಧ. ಬಸ್ ನಿಲ್ದಾಣದ ಗೋಡೆಗಳ ಮೇಲೆ ‘ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ’ ಎಂದು ಅಂಟಿಸುವವರು ಈ ಮಾತನ್ನು ಹೇಳುವುದಿಲ್ಲ.

ಹಾಗಾದರೆ ಎಲ್ಲಿಗೆ? ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ. ಅಲ್ಲಿಂದ ಮುಂದಕ್ಕೆ ಕಳುಹಿಸಿದರೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಇಂದೇ ಮಾತನಾಡಬೇಕೆಂದರೆ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳು ಕನ್ನಡದಲ್ಲಿ ಲಭ್ಯ, ಮನೆಯವರೂ ಕರೆ ಮಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಆಸ್ಪತ್ರೆಯಲ್ಲಿ ಯುಗಾದಿಯ ರಾತ್ರಿಯ ಸಂಗತಿಯನ್ನು ಮೊದಲ ಮಾತಾಗಿ ಹೇಳಿ, ಏಕೆಂದರೆ ಒಳರೋಗಿಯಾಗಿ ಸೇರಿಸಿಕೊಳ್ಳಬೇಕೇ ಎಂಬ ತೀರ್ಮಾನ ಬಹುಮಟ್ಟಿಗೆ ಅದರ ಮೇಲೆ ನಿಂತಿರುತ್ತದೆ. ನಡುಕ, ಫಿಟ್ಸ್ ತಡೆಯುವ ಔಷಧವನ್ನು ದಿನದಿಂದ ದಿನಕ್ಕೆ ಇಳಿಸುತ್ತ ಕೊಡುತ್ತಾರೆ, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವದ ಇಂಜೆಕ್ಷನ್ ಇರುತ್ತದೆ. ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನಗಳಲ್ಲಿ ದೇಹ ಹದಕ್ಕೆ ಬರುತ್ತದೆ.

ಅವರನ್ನು ಒಪ್ಪಿಸುವ ವಿಷಯದಲ್ಲಿ, ‘ಕುಡಿತ ಬಿಡುತ್ತೀಯೋ ಇಲ್ಲವೋ’ ಎಂಬ ಪ್ರಶ್ನೆಯಿಂದ ಆರಂಭಿಸಬೇಡಿ. ಅಮಲು ಕಡಿಮೆಯಿರುವ ಹೊತ್ತಿನಲ್ಲಿ, ಮಕ್ಕಳೂ ನೆರೆಯವರೂ ಇಲ್ಲದಾಗ, ‘ಅಣ್ಣಾ, ಈ ಕೈ ನಡುಕಕ್ಕೂ ನಿದ್ದೆಗೂ ಒಮ್ಮೆ ಡಾಕ್ಟರಿಗೆ ತೋರಿಸೋಣ’ ಎನ್ನಿ. ಕುಡಿತದ ಚಿಕಿತ್ಸೆಗೆ ಬರಲೊಲ್ಲದ ಎಷ್ಟೋ ಮಂದಿ ನಡುಕಕ್ಕೆಂದು ಬಂದು ಉಳಿದುಕೊಂಡಿದ್ದಾರೆ; ಕೈಕೆಲಸವನ್ನೇ ನಂಬಿದವರಿಗೆ ಈ ಮಾತು ಬೇಗ ನಾಟುತ್ತದೆ. ಒಪ್ಪುವ ಮನಸ್ಸು ಬಂದು ಹೋಗುತ್ತಿರುತ್ತದೆಯಾದ್ದರಿಂದ ಯಾವ ದಿನ ಹೊರರೋಗಿ ವಿಭಾಗವಿದೆ, ಯಾರು ಜೊತೆಗೆ ಬರುತ್ತಾರೆ, ಗಾಡಿ ಯಾವುದು ಎಂಬುದನ್ನೆಲ್ಲ ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ. ಬಾರಿನ ಸಾಲ ತೀರಿಸುವುದನ್ನೂ, ಗಿರಾಕಿಗಳಿಗೆ ಅವರ ಪರವಾಗಿ ಸುಳ್ಳು ಹೇಳುವುದನ್ನೂ ಇಂದಿನಿಂದಲೇ ನಿಲ್ಲಿಸಿ.

ಆಸ್ಪತ್ರೆಯಿಂದ ಬಂದ ಮೇಲಿನ ತಿಂಗಳುಗಳೇ ಕಷ್ಟದವು. ಆಸೆ ತಗ್ಗಿಸುವ ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ; ಲಿವರ್ ಮತ್ತು ಕಿಡ್ನಿಯ ಸ್ಥಿತಿ ನೋಡಿ ವೈದ್ಯರು ಆರಿಸುತ್ತಾರೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳೂ, ಆ ನಂತರ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗಳೂ, ಇಂಥವರೇ ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳೂ ಅನೇಕರನ್ನು ಹಿಡಿದು ನಿಲ್ಲಿಸಿವೆ. ಆದರೆ ಸನ್ನಿ ಹಿಡಿದ ಇತಿಹಾಸವಿರುವ ನಿಮ್ಮ ಅಣ್ಣನಿಗೆ ಆಸ್ಪತ್ರೆಯ ಚಿಕಿತ್ಸೆ ಮೊದಲು, ಇವು ಅನಂತರ. ನಡುವೆ ಒಮ್ಮೆ ಕುಡಿದರೆ ಜಗಳ ತೆಗೆಯದೆ ಅದೇ ವಾರ ವೈದ್ಯರ ಬಳಿಗೆ ಮರಳಿ ಕರೆದೊಯ್ಯಿರಿ.

ಇನ್ನು ಅತ್ತಿಗೆಯವರ ವಿಷಯ. ಅವರನ್ನು ಔಷಧದಂತೆ ಕರೆತರಬೇಡಿ. ಹೆಂಡತಿ ಮರಳಿದ್ದರಿಂದಲೇ ಈ ಮಟ್ಟದ ಕಾಯಿಲೆ ಇಳಿಯುವುದಿಲ್ಲ. ಹೊಡೆತ ಮರಳುವುದಂತೂ ಬಹುಮಟ್ಟಿಗೆ ಖಚಿತ. ಬರುವುದೋ ಬಿಡುವುದೋ ಅವರದೇ ನಿರ್ಧಾರ. ಅವರು ಒಪ್ಪಿದರೆ ತವರಿನಿಂದಲೇ ನೇರವಾಗಿ ಆಸ್ಪತ್ರೆಗೆ ಬಂದು ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡಬಹುದು. ಅಲ್ಲಿಯವರೆಗೆ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಸಂಖ್ಯೆ 112 ಅವರ ಬಳಿಯೂ, ಅಣ್ಣನ ಜೊತೆ ಒಂದೇ ಸೂರಿನಡಿ ಇರುವವರೆಲ್ಲರ ಬಳಿಯೂ ಇರಲಿ.